ಸಾಕ್ಷಿ ಹೇಳುವ ಪ್ಲಾಸ್ಟಿಕ್ ಚೂರು

‘ಅಮೆರಿಕದಲ್ಲಿ ಭಾರತದ ಮಾವು ತಿರಸ್ಕಾರ.’ 2025ರ ಮೇ ತಿಂಗಳಲ್ಲಿ ಈ ಸಾಲು ನಮ್ಮ ಸ್ಕ್ರೀನ್ ಕೆಳಗಿನ ಪಟ್ಟಿಯಲ್ಲಿ ಇಡೀ ದಿನ ಓಡಿತು. ನವಿ ಮುಂಬೈನ ಘಟಕದಲ್ಲಿ ವಿಕಿರಣ ಸಂಸ್ಕರಣೆ ಮಾಡಿ ವಿಮಾನ ಹತ್ತಿಸಿದ್ದ ಹಣ್ಣು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಅಟ್ಲಾಂಟಾ ವಿಮಾನ ನಿಲ್ದಾಣಗಳಲ್ಲಿ ಅದನ್ನು ತಡೆದು, ಒಂದೋ ವಾಪಸ್ ಒಯ್ಯಿರಿ, ಇಲ್ಲಾ ಇಲ್ಲೇ ನಾಶ ಮಾಡಿ ಅಂದರು. ಬುಲೆಟಿನ್‌ನಲ್ಲಿ ನಾನು ಓದಿದ ವಾಕ್ಯದಲ್ಲಿ ‘ವಿಕಿರಣದ ಸಮಸ್ಯೆಯಿಂದಾಗಿ’ ಅನ್ನೋ ಪದಗಳಿದ್ದವು. ಬರೆದುಕೊಟ್ಟವರು ಬೇರೆ, ಓದಿದವನು ನಾನು. ತಪ್ಪು ನನ್ನದೇ.

ಬುಲೆಟಿನ್ ಮುಗಿಯೋ ಹೊತ್ತಿಗೆ ಅಮ್ಮನ ಫೋನು. ನಮ್ಮದು ಕೋಲಾರ ಜಿಲ್ಲೆ, ಮಾವಿನ ಸೀಸನ್ ಅಂದರೆ ಮನೆಯಲ್ಲಿ ಬೇರೆ ಮಾತಿಲ್ಲ. ‘ಏನೋ ಅದು, ಹಣ್ಣಿಗೆ ರೇಡಿಯೇಶನ್ ಹಾಕ್ತಾರಂತಲ್ಲೋ? ಜಾಸ್ತಿ ಆಗಿಬಿಟ್ಟಿದೆ ಅಂತ ಅವರು ಎಸೆದ್ರಾ? ನಾವು ತಿಂದಿರೋದು ಎಂಥದ್ದೋ?’

ಅಮ್ಮನಿಗೆ ಹೇಳಬೇಕಾಗಿದ್ದದ್ದು ಇಷ್ಟು: ಅಲ್ಲಮ್ಮ, ಹಣ್ಣಲ್ಲಿ ವಿಕಿರಣ ಉಳಿಯಲ್ಲ, ಜಾಸ್ತಿ ಆಗಿದೆ ಅಂತ ಎಸೆದದ್ದೂ ಅಲ್ಲ. ಎಷ್ಟು ಕೊಟ್ಟರು ಅನ್ನೋದರ ದಾಖಲೆ ಸರಿಯಿಲ್ಲ ಅಂತ ಎಸೆದರು. ಹಣ್ಣು ಚೆನ್ನಾಗೇ ಇತ್ತು, ಕಾಗದ ಕೆಟ್ಟಿತ್ತು.

ಇಷ್ಟು ಹೇಳಿದ ಮೇಲೆ ಆಕೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಹಣ್ಣನ್ನೇ ಪರೀಕ್ಷೆ ಮಾಡಿ ನೋಡಬಹುದಿತ್ತಲ್ಲ? ಕಾಗದ ಯಾಕೆ?’ ಇಂಜಿನಿಯರಿಂಗ್ ಓದಿದವನು ಅಂತ ಹೇಳಿಕೊಳ್ಳುವ ನಾನು ಅವತ್ತು ರಾತ್ರಿ ಕೂತು ಹುಡುಕಿದೆ. ಹುಡುಕುತ್ತಾ ಹೋದಂತೆ ಕೈಗೆ ಸಿಕ್ಕಿದ್ದು ಮಾವಿನ ಕಥೆಯಲ್ಲ, ಬಣ್ಣ ಹಾಕಿದ ಪ್ಲಾಸ್ಟಿಕ್ಕಿನ ಕಥೆ.

ಮೊದಲು ಒಂದು ಸಣ್ಣ ಲೆಕ್ಕ. ಲೆಕ್ಕ ಅಂದ ಕೂಡಲೇ ಚಾನೆಲ್ ಬದಲಾಯಿಸಬೇಡಿ, ಇದು ಪುಸ್ತಕ, ರಿಮೋಟ್ ಕೆಲಸ ಮಾಡಲ್ಲ! ವಿಕಿರಣದ ಪ್ರಮಾಣ ಅಳೆಯೋ ಮಾನಕ್ಕೆ ‘ಗ್ರೇ’ ಅಂತಾರೆ. ಒಂದು ಕಿಲೋ ವಸ್ತುವಿಗೆ ಒಂದು ಜೂಲ್ ಶಕ್ತಿ ಸೇರಿದರೆ ಒಂದು ಗ್ರೇ. ಮನುಷ್ಯನ ಇಡೀ ಮೈಗೆ ಒಮ್ಮೆಲೇ ಐದು ಗ್ರೇ ಬಿದ್ದರೆ, ಚಿಕಿತ್ಸೆ ಸಿಗದಿದ್ದರೆ, ಬದುಕುವುದು ಕಷ್ಟ. ಆದರೆ ಆ ಐದು ಗ್ರೇ ಎಷ್ಟು ಶಾಖ ಗೊತ್ತಾ? ಒಂದು ಚಮಚ ಬಿಸಿ ಕಾಫಿ ಕುಡಿದಾಗ ಮೈಗೆ ಸೇರುವಷ್ಟು. ಕೊಲ್ಲೋದು ಶಾಖವಲ್ಲ, ಜೀವಕೋಶದ ಒಳಗಿನ ಎಳೆಗಳನ್ನು ಕತ್ತರಿಸುವ ರೀತಿ.

ಮಾವಿಗೆ ಅಮೆರಿಕದವರು ಕೇಳುವುದು ಕನಿಷ್ಠ 400 ಗ್ರೇ. ಆಸ್ಪತ್ರೆಯ ಸಿರಿಂಜು, ಹೊಲಿಗೆ ದಾರ, ಗ್ಲೌಸ್ ಇವುಗಳಿಗೆ ಸಾಮಾನ್ಯವಾಗಿ 25,000 ಗ್ರೇ, ಅಂದರೆ 25 ಕಿಲೋಗ್ರೇ. ಮನುಷ್ಯನನ್ನು ಕೊಲ್ಲುವ ಪ್ರಮಾಣದ ಐದು ಸಾವಿರ ಪಟ್ಟು! ಆದರೂ ಅಷ್ಟು ಪ್ರಮಾಣ ನೀರಿಗೆ ಬಿದ್ದರೆ ನೀರು ಬಿಸಿಯಾಗೋದು ಆರು ಡಿಗ್ರಿ ಮಾತ್ರ. ಮಾವಿನಹಣ್ಣು ಬಿಸಿಯಾಗೋದು ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಮುಟ್ಟಿದರೆ ಗೊತ್ತಾಗಲ್ಲ, ನೋಡಿದರೆ ಗೊತ್ತಾಗಲ್ಲ, ಮೂಸಿದರೂ ಗೊತ್ತಾಗಲ್ಲ. ಕೋಬಾಲ್ಟ್‌ನ ಗಾಮಾ ಕಿರಣ ಹಾದುಹೋದ ಪೆಟ್ಟಿಗೆ, ಹಾದುಹೋಗದ ಪೆಟ್ಟಿಗೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಆ ಘಟಕದಲ್ಲೇ ಇಪ್ಪತ್ತು ವರ್ಷ ದುಡಿದವರೂ ಹೇಳಲಾರರು.

ಮಾವಿನ ವಿಷಯದಲ್ಲಿ ಇನ್ನೂ ಒಂದು ವಿಚಿತ್ರ ಇದೆ. 400 ಗ್ರೇ ಕೊಟ್ಟರೆ ಒಳಗಿನ ಹುಳು ತಕ್ಷಣ ಸಾಯಲೇಬೇಕು ಅಂತಿಲ್ಲ. ಅದರ ಸಂತಾನ ನಿಲ್ಲುತ್ತೆ, ಅಷ್ಟೇ. ಅಮೆರಿಕದ ಅಧಿಕಾರಿ ಹಣ್ಣು ಕೊಯ್ದು ಗೊರಟೆಯೊಳಗೆ ಓಡಾಡುವ ಜೀವಂತ ಹುಳುವನ್ನೇ ಕಂಡರೂ, ಅದು ಸಂತಾನ ಕಳಕೊಂಡ ಹುಳುವೋ, ನಾಳೆ ಕ್ಯಾಲಿಫೋರ್ನಿಯಾದ ತೋಟಕ್ಕೆ ಲಗ್ಗೆ ಹಾಕುವ ಹುಳುವೋ ಅಂತ ಕಣ್ಣಿಂದ ಹೇಳೋಕೆ ಆಗಲ್ಲ. ಸಿರಿಂಜಿನ ಕಥೆಯೂ ಅದೇ. ಅದು ಕ್ರಿಮಿರಹಿತವೋ ಅಲ್ಲವೋ ನೋಡಬೇಕಾದರೆ ಪ್ಯಾಕೆಟ್ ಒಡೆಯಬೇಕು, ಒಡೆದ ಸಿರಿಂಜನ್ನು ರೋಗಿಗೆ ಚುಚ್ಚೋ ಹಾಗಿಲ್ಲ. ಹತ್ತು ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚು ಅಶುದ್ಧ ಇರಬಾರದು ಅನ್ನೋದು ನಿಯಮ. ಹತ್ತು ಲಕ್ಷ ಸಿರಿಂಜು ಒಡೆದು ನೋಡೋರು ಯಾರು?

ಹಾಗಾಗಿ ಇಡೀ ಜಗತ್ತು ಒಂದು ಒಪ್ಪಂದಕ್ಕೆ ಬಂತು. ವಸ್ತುವನ್ನು ಕೇಳೋದು ಬೇಡ. ಅದರ ಜೊತೆ ಪೆಟ್ಟಿಗೆಯಲ್ಲಿ ಕೂತು ಬಂದ ಸಾಕ್ಷಿಯನ್ನು ಕೇಳೋಣ.

ಆ ಸಾಕ್ಷಿ ಹುಟ್ಟಿದ್ದು ಹೇಗೆ ಅನ್ನೋದೇ ಇತಿಹಾಸ.

ವಿಕಿರಣ ಅಳೆಯೋದು ಹೊಸದೇನಲ್ಲ. ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ನೀವು ನೋಡಿರ್ತೀರಿ. ಬಹಳ ಕಾಲ ಅದರೊಳಗೆ ಫೋಟೋ ಫಿಲ್ಮ್ ಇರ್ತಿತ್ತು. ಅದು ಸಾವಿರದ ಒಂದು ಪಾಲು ಲೆಕ್ಕದ ಸಣ್ಣ ಪ್ರಮಾಣಗಳಿಗೆ. ಅದನ್ನು ಸಿರಿಂಜಿನ ಪೆಟ್ಟಿಗೆಯಲ್ಲಿಟ್ಟರೆ ಇದ್ದಿಲಿನಂತೆ ಕಪ್ಪಾಗಿ ಕೂತುಬಿಡುತ್ತೆ. ಅಡುಗೆಮನೆಯ ತಕ್ಕಡಿಯಲ್ಲಿ ಲಾರಿ ತೂಗಿದ ಹಾಗೆ. 1927ರಲ್ಲಿ ಡೆನ್ಮಾರ್ಕ್ ಮೂಲದ ಹ್ಯೂಗೋ ಫ್ರಿಕ್ ಅಮೆರಿಕದಲ್ಲಿದ್ದುಕೊಂಡು ಕಬ್ಬಿಣದ ಲವಣದ ದ್ರಾವಣ ಬಳಸಿ ಒಂದು ವಿಧಾನ ಕೊಟ್ಟ. ಕಿರಣ ಬಿದ್ದರೆ ಫೆರಸ್ ಕಬ್ಬಿಣ ಫೆರಿಕ್ ಆಗುತ್ತೆ, ಎಷ್ಟು ಆಯಿತು ಅಂತ ಅಳೆದರೆ ಪ್ರಮಾಣ ಸಿಗುತ್ತೆ. ಅದ್ಭುತ ನಿಖರತೆ, ಇವತ್ತಿಗೂ ಗೌರವ ಇದೆ. ಆದರೆ 400 ಗ್ರೇ ಆಸುಪಾಸಿಗೆ ಅದರ ಓಟ ಮುಗಿಯುತ್ತೆ, ದ್ರಾವಣದೊಳಗಿನ ಆಮ್ಲಜನಕ ಖಾಲಿಯಾಗುತ್ತೆ. ಅದಕ್ಕಿಂತ ಮೇಲೆ ಹತ್ತು ಸಾವಿರ, ಐವತ್ತು ಸಾವಿರ ಗ್ರೇ? ಅಷ್ಟು ಅಳೆಯುವ ಅಗತ್ಯವೇ ಆಗ ಯಾರಿಗೂ ಇರಲಿಲ್ಲ.

ಅಗತ್ಯ ಬಂದದ್ದು ಎರಡನೇ ಮಹಾಯುದ್ಧದ ನಂತರ. ರಿಯಾಕ್ಟರ್‌ಗಳು ಬಂದವು, ಕೋಬಾಲ್ಟ್-60 ಬಂತು, ಎಲೆಕ್ಟ್ರಾನ್ ಯಂತ್ರಗಳು ಬಂದವು. 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಎಥಿಕಾನ್ ಕಂಪನಿ ಶಸ್ತ್ರಚಿಕಿತ್ಸೆಯ ಹೊಲಿಗೆ ದಾರವನ್ನು ಎಲೆಕ್ಟ್ರಾನ್ ಕಿರಣದಿಂದ ಶುದ್ಧ ಮಾಡೋಕೆ ಶುರು ಮಾಡಿತು. ಬಿಸಿ ಹಬೆಗೆ ಕರಗುವ ಪ್ಲಾಸ್ಟಿಕ್ ಸಿರಿಂಜಿಗೂ ಇದೇ ದಾರಿ ಸರಿ ಅಂತ ಎಲ್ಲರಿಗೂ ಹೊಳೆಯಿತು. ಈಗ ಪ್ರಶ್ನೆ: ಪ್ರತಿ ಪೆಟ್ಟಿಗೆಯಲ್ಲೂ ಇಡುವಷ್ಟು ಅಗ್ಗದ, ಗಾಜಿನ ಶೀಶೆಯಂತೆ ಒಡೆಯದ, ಕಾರ್ಮಿಕನ ಜೇಬಲ್ಲಿ ಹಾಕಿಕೊಂಡು ಓಡಾಡಬಹುದಾದ ಅಳತೆಗೋಲು ಯಾವುದು?

ಉತ್ತರ ಸಿಕ್ಕಿದ್ದು ಬಹಳ ಸಾಮಾನ್ಯ ಜಾಗದಲ್ಲಿ. 1956ರಲ್ಲಿ ಹೆನ್ಲಿ ಮತ್ತು ರಿಚ್‌ಮನ್ ಅನ್ನೋ ಇಬ್ಬರು ಅಮೆರಿಕದಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಷಯ: ಬಣ್ಣದ ಸೆಲ್ಲೋಫೇನ್. ಹೌದು, ನಮ್ಮೂರ ನಾಟಕದಲ್ಲಿ ಲೈಟಿಗೆ ಕಟ್ಟಿ ರಂಗು ಬರಿಸುತ್ತಾರಲ್ಲ, ಉಡುಗೊರೆಗೆ ಸುತ್ತುತ್ತಾರಲ್ಲ, ಆ ಥರದ ಹಾಳೆ. ಕಿರಣ ಬಿದ್ದಷ್ಟೂ ಅದರ ಬಣ್ಣ ಬಿಳಿಚಿಕೊಳ್ಳುತ್ತೆ. ಬಿಸಿಲಿಗೆ ಒಣಹಾಕಿದ ಸೀರೆ ಬಣ್ಣ ಬಿಟ್ಟ ಹಾಗೆ. ಎಷ್ಟು ಬಿಳಿಚಿತು ಅಂತ ಅಳೆದರೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ. ಡುಪಾಂಟ್ ಕಂಪನಿಯ ನೀಲಿ ಸೆಲ್ಲೋಫೇನ್ ಹಾಳೆ ಈ ಕೆಲಸಕ್ಕೆ ವರ್ಷಗಟ್ಟಲೆ ಬಳಕೆಯಲ್ಲಿತ್ತು. ಅಂಗಡಿಯ ಪ್ಯಾಕಿಂಗ್ ಹಾಳೆ ಪ್ರಯೋಗಾಲಯದ ಉಪಕರಣವಾಯಿತು.

ಅತ್ತ ಇಂಗ್ಲೆಂಡ್‌ನಲ್ಲಿ ಇನ್ನೊಂದು ಪ್ಲಾಸ್ಟಿಕ್. ಪರ್ಸ್ಪೆಕ್ಸ್. ಐಸಿಐ ಕಂಪನಿ 1930ರ ದಶಕದಲ್ಲಿ ಮಾರುಕಟ್ಟೆಗೆ ತಂದ ಅಕ್ರಿಲಿಕ್. ಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನದ ಪೈಲಟ್ ತಲೆ ಮೇಲಿನ ಗಾಜಿನಂಥ ಗೂಡು ಇದೇ. ಯುದ್ಧ ಮುಗಿದ ಮೇಲೆ ಹಾರ್ವೆಲ್ ಅನ್ನೋ ಹಳೇ ವಾಯುಪಡೆ ನೆಲೆಯಲ್ಲಿ ಬ್ರಿಟಿಷರು 1946ರಲ್ಲಿ ತಮ್ಮ ಪರಮಾಣು ಸಂಶೋಧನಾ ಕೇಂದ್ರ ಕಟ್ಟಿದರು. ಅಲ್ಲಿಂದ ಕೆಲವೇ ಮೈಲಿ ದೂರದ ವಾಂಟೇಜ್‌ನಲ್ಲಿ 1960ರ ಹೊತ್ತಿಗೆ ಪೆಟ್ಟಿಗೆ ಪೆಟ್ಟಿಗೆಯಾಗಿ ವಸ್ತುಗಳಿಗೆ ಗಾಮಾ ಕಿರಣ ಕೊಡುವ ಘಟಕ ನಡೆಯುತ್ತಿತ್ತು. ಅಲ್ಲಿನವರಿಗೆ ಬೇಕಾಗಿದ್ದ ಸಾಕ್ಷಿ ಕೆಂಪು ಬಣ್ಣ ಹಾಕಿದ ಪರ್ಸ್ಪೆಕ್ಸ್‌ನಲ್ಲಿ ಸಿಕ್ಕಿತು. ಕಿರಣ ತಗುಲಿದ ಕೆಂಪು ಚೂರು ಕಪ್ಪಿಡುತ್ತಾ ಹೋಗುತ್ತೆ. 640 ನ್ಯಾನೋಮೀಟರ್ ಬೆಳಕು ಹಾಯಿಸಿ ಎಷ್ಟು ಹೀರಿಕೊಂಡಿತು ಅಂತ ನೋಡಿದರೆ ಮುಗಿಯಿತು.

ಇದನ್ನು ಓದುವಾಗ ನನಗೆ ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ನೆನಪಾಯಿತು. ತಾಮ್ರದ ದ್ರಾವಣಕ್ಕೆ ಅಮೋನಿಯಾ ಹಾಕಿ, ನೀಲಿ ಬಣ್ಣ ಬರಿಸಿ, ಕಲರಿಮೀಟರ್‌ನಲ್ಲಿಟ್ಟು ರೀಡಿಂಗ್ ಬರೆದುಕೊಳ್ಳೋ ಪ್ರಯೋಗ. ಈ ರಾಜ್ಯದಲ್ಲಿ ಇಂಜಿನಿಯರಿಂಗ್ ಮಾಡಿದ ಬಹುತೇಕರು ಅದನ್ನು ಮಾಡಿರ್ತಾರೆ, ಬಹುತೇಕರು ಸೀನಿಯರ್ ರೆಕಾರ್ಡ್ ನೋಡಿ ಗ್ರಾಫ್ ಎಳೆದಿರ್ತಾರೆ. ನಾನೂ ಎಳೆದವನೇ. ಮೊದಲು ಗೊತ್ತಿರುವ ಐದು ದ್ರಾವಣದ ರೀಡಿಂಗ್‌ನಿಂದ ಗೆರೆ ಎಳೀಬೇಕು, ಆಮೇಲೆ ಗೊತ್ತಿಲ್ಲದ್ದನ್ನು ಆ ಗೆರೆ ಮೇಲೆ ಕೂರಿಸಬೇಕು. ಕೆಂಪು ಚೂರಿನದೂ ಅದೇ ವಿದ್ಯೆ. ನಿಖರವಾಗಿ ಗೊತ್ತಿರುವ ಪ್ರಮಾಣ ಕೊಟ್ಟ ಚೂರುಗಳಿಂದ ಗೆರೆ, ಆ ಗೆರೆ ಮೇಲೆ ಕಾರ್ಖಾನೆಯ ಚೂರು. ನಾವು ಲ್ಯಾಬ್‌ನಲ್ಲಿ ಕದ್ದು ಎಳೆದ ಗೆರೆಯಿಂದ ಯಾರೂ ಸಾಯಲಿಲ್ಲ. ಇಲ್ಲಿ ಗೆರೆ ತಪ್ಪಾದರೆ ಆ ವಾರ ಹೊರಟ ಎಲ್ಲ ಸಿರಿಂಜೂ ಅನುಮಾನ.

ಗೆರೆ ಸರಿ ಇದ್ದರೂ ಸಾಕ್ಷಿ ತಪ್ಪಬಹುದು ಅಂತ ಹಾರ್ವೆಲ್‌ನವರು ಬೇಗ ಕಂಡುಕೊಂಡರು. ಪರ್ಸ್ಪೆಕ್ಸ್ ಗಾಳಿಯ ತೇವ ಕುಡಿಯುತ್ತೆ. ತೇವ ಹೆಚ್ಚುಕಮ್ಮಿಯಾದರೆ ಬಣ್ಣದ ಲೆಕ್ಕವೂ ಹೆಚ್ಚುಕಮ್ಮಿ. ಕಿರಣ ಕೊಡುವಾಗಿನ ಬಿಸಿಯೂ ಲೆಕ್ಕಕ್ಕೆ ಬರುತ್ತೆ. ಕಿರಣ ಬಿದ್ದ ಮೇಲೆ ಮೇಜಿನ ಮೇಲೆ ಮರೆತುಬಿಟ್ಟರೆ ಬಣ್ಣ ದಿನದಿಂದ ದಿನಕ್ಕೆ ಬದಲಾಗುತ್ತೆ. ಇಷ್ಟೆಲ್ಲ ಪಾಟೀಸವಾಲಿನಲ್ಲಿ ಪಾಸಾಗಬೇಕು ಅಂತ ಅವರು ಈ ಕೆಲಸಕ್ಕೆಂದೇ ಬೇರೆ ಪರ್ಸ್ಪೆಕ್ಸ್ ಮಾಡಿಸಿದರು, ತೇವ ಹದಗೊಳಿಸಿ ಸುಮಾರು ಮೂರು ಮಿಲಿಮೀಟರ್ ದಪ್ಪದ ಚೂರುಗಳಾಗಿ ಕತ್ತರಿಸಿ, ಒಂದೊಂದನ್ನೂ ಅಲ್ಯುಮಿನಿಯಂ ಪದರದ ಪೊಟ್ಟಣದಲ್ಲಿ ಸೀಲ್ ಮಾಡಿದರು. ಈಗ ಸಿಗುವ ಕೆಂಪು 4034 ಅನ್ನೋ ಜಾತಿ 5ರಿಂದ 50 ಕಿಲೋಗ್ರೇ ತನಕ ಅಳೆಯುತ್ತೆ, ಅಂದರೆ ಸಿರಿಂಜಿನ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಅದಕ್ಕಿಂತ ಕೆಳಗಿನ ಪ್ರಮಾಣಕ್ಕೆ ಆಂಬರ್, ಇನ್ನೂ ಕೆಳಗೆ ಗಾಮಾಕ್ರೋಮ್. ಒಂದು ಸಣ್ಣ ಪೊಟ್ಟಣ ಹರಿದರೆ ಸಾಕು, ಸಾಕ್ಷಿ ಕೆಟ್ಟಿತು ಅಂತಲೇ ಲೆಕ್ಕ.

ಆದರೆ ಈ ದಪ್ಪ ಚೂರು ಎಲ್ಲ ಕಡೆ ನಡೆಯಲ್ಲ. ಗಾಮಾ ಕಿರಣ ಪೆಟ್ಟಿಗೆಯ ಆಚೆಗೂ ಹಾಯುತ್ತೆ, ಎಲೆಕ್ಟ್ರಾನ್ ಹಾಗಲ್ಲ. ಶಕ್ತಿ ಕಡಿಮೆ ಇದ್ದರೆ ಮೂರು ಮಿಲಿಮೀಟರ್ ಪ್ಲಾಸ್ಟಿಕ್‌ನ ಒಳಗೇ ನಿಂತುಬಿಡುತ್ತೆ. ಅಲ್ಲಿಗೆ ಬೇಕಾದದ್ದು ಕೂದಲೆಳೆಯಷ್ಟು ತೆಳುವಾದ ಹಾಳೆ. ಅದನ್ನು ಕೊಟ್ಟ ಹೆಸರು ವಿಲಿಯಂ ಮೆಕ್‌ಲಾಫ್ಲಿನ್.

ಅವರು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದವರು. ಕಿಲೋ ಎಷ್ಟು, ಮೀಟರ್ ಎಷ್ಟು ಅಂತ ಇಡೀ ದೇಶಕ್ಕೆ ಹೇಳುವ ಸಂಸ್ಥೆ ಅದು. ಅವರಿಗೆ ಜೊತೆ ಸಿಕ್ಕಿದ್ದು ಲೈಮನ್ ಚಾಕ್ಲಿ ಅನ್ನೋ ರಸಾಯನಶಾಸ್ತ್ರಜ್ಞ. ಬೆಳಕು ಬಿದ್ದರೆ ಬಣ್ಣ ಪಡೆಯುವ ವಸ್ತುಗಳ ಬಗ್ಗೆ ಈ ಚಾಕ್ಲಿ 1920ರ ದಶಕದಿಂದ ತಲೆ ಕೆಡಿಸಿಕೊಂಡಿದ್ದವರು. ಅವರ ಹತ್ತಿರ ಒಂದು ವಿಚಿತ್ರ ಬಣ್ಣವಿತ್ತು, ಬಣ್ಣವೇ ಇಲ್ಲದ ಬಣ್ಣ! ಹಿಂದೆ ಬಾಯಿಹುಣ್ಣಿಗೆ, ಗಾಯಕ್ಕೆ ಹಚ್ಚುತ್ತಿದ್ದ ನೇರಳೆ ಔಷಧಿ ನೆನಪಿದೆಯಾ? ಜೆನ್ಶನ್ ವಯಲೆಟ್. ಹಚ್ಚಿಕೊಂಡು ಶಾಲೆಗೆ ಹೋದರೆ ವಾರ ಪೂರ್ತಿ ನಗೆಪಾಟಲು. ಅದರ ಹತ್ತಿರದ ಸಂಬಂಧಿ ಒಂದು ಬಣ್ಣಕ್ಕೆ ಸಯನೈಡ್‌ನ ಗುಂಪೊಂದನ್ನು ಅಂಟಿಸಿದರೆ ಬಣ್ಣ ಮಾಯ, ನೀರಿನಂತೆ ತಿಳಿ. ಅತಿನೇರಳೆ ಬೆಳಕೋ ವಿಕಿರಣವೋ ಬಿದ್ದು ಆ ಅಂಟು ಬಿಟ್ಟಿತು ಅಂದರೆ ಬಣ್ಣ ವಾಪಸ್, ಗಾಢ ನೀಲಿ. 1965ರಲ್ಲಿ ಇವರಿಬ್ಬರ ಲೇಖನಗಳು ಬಂದವು.

ಇಲ್ಲಿ ಆದ ತಿರುವನ್ನು ಗಮನಿಸಿ. ಸೆಲ್ಲೋಫೇನ್‌ನಲ್ಲಿ ಇದ್ದ ಬಣ್ಣ ಹೋಗುತ್ತಿತ್ತು. ಇಲ್ಲಿ ಇಲ್ಲದ ಬಣ್ಣ ಬರುತ್ತೆ. ತೊಳೆಯೋದು ಬೇಡ, ಕತ್ತಲೆಕೋಣೆ ಬೇಡ, ಫೋಟೋದಂತೆ ರಾಸಾಯನಿಕದಲ್ಲಿ ಅದ್ದೋದು ಬೇಡ. ನೈಲಾನ್ ಹಾಳೆಯೊಳಗೆ ಈ ಬಣ್ಣ ಸೇರಿಸಿ ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗ ದಪ್ಪಕ್ಕೆ ಎಳೆದರು. ಅದೇ ಮುಂದೆ ಎಫ್‌ಡಬ್ಲ್ಯುಟಿ-60 ಅನ್ನೋ ಹೆಸರಲ್ಲಿ ಕ್ಯಾಲಿಫೋರ್ನಿಯಾದಿಂದ ಮಾರಾಟಕ್ಕೆ ಬಂತು. ಡೆನ್ಮಾರ್ಕ್‌ನ ರಿಸೋ ಪ್ರಯೋಗಾಲಯದವರು ಇದೇ ದಾರಿಯಲ್ಲಿ ಗುಲಾಬಿಗೆ ತಿರುಗುವ ಬೇರೆ ಹಾಳೆ ಮಾಡಿದರು. ಹಾಳೆ ತೆಳುವಾದ್ದರಿಂದ ಇನ್ನೊಂದು ಲಾಭವಾಯಿತು. ಒಂದು ವಸ್ತುವಿನ ಮಧ್ಯೆ ಉದ್ದಕ್ಕೆ ಹಾಳೆ ಸೇರಿಸಿ ಕಿರಣ ಕೊಟ್ಟರೆ ಎಲ್ಲಿ ಹೆಚ್ಚು ಬಿತ್ತು, ಎಲ್ಲಿ ಕಡಿಮೆ ಅನ್ನೋ ನಕ್ಷೆಯೇ ಮೂಡುತ್ತೆ. ಇವತ್ತು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗೆ ಕಿರಣ ಕೊಡುವ ಮೊದಲು ಯಂತ್ರ ಪರೀಕ್ಷಿಸಲು ಬಳಸುವ ಬಣ್ಣ ಬದಲಿಸುವ ಫಿಲ್ಮ್ ಇದರ ಮುಂದಿನ ತಲೆಮಾರು. ರಾಸಾಯನಿಕ ಬೇರೆ, ವಿಚಾರ ಅದೇ.

ಈ ಹಾಳೆಗೂ ಚಟಗಳಿವೆ. ಟ್ಯೂಬ್‌ಲೈಟ್ ಬೆಳಕಲ್ಲಿ ಸುಮ್ಮನೆ ಇಟ್ಟರೂ ನಿಧಾನಕ್ಕೆ ನೀಲಿಯಾಗುತ್ತೆ. ತೇವವೂ ಆಗಿಬರಲ್ಲ.

ಇದೆಲ್ಲ ಲ್ಯಾಬ್ ಕಥೆ ಅನಿಸಬಹುದು. 2001ಕ್ಕೆ ಬನ್ನಿ. ಅವಳಿ ಗೋಪುರ ಉರುಳಿದ ಕೆಲವೇ ದಿನಕ್ಕೆ ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂತು. ಐದು ಜನ ಸತ್ತರು, ಅವರಲ್ಲಿ ಇಬ್ಬರು ವಾಷಿಂಗ್ಟನ್‌ನಲ್ಲಿ ಕಾಗದ ವಿಂಗಡಿಸುತ್ತಿದ್ದ ಅಂಚೆ ನೌಕರರು. ಸರ್ಕಾರಿ ಕಚೇರಿಗಳಿಗೆ ಬಂದ ಅಂಚೆಯನ್ನೆಲ್ಲ ಒಹಾಯೊ ರಾಜ್ಯದ ಲೈಮಾ ಊರಿಗೆ ಒಯ್ದು ಎಲೆಕ್ಟ್ರಾನ್ ಕಿರಣದ ಕೆಳಗೆ ಹಾಯಿಸಿದರು. ಎಷ್ಟು ಕೊಟ್ಟರೆ ಸಾಕು? ಕಡಿಮೆಯಾದರೆ ಇನ್ನೊಬ್ಬ ಅಂಚೆಯವನು ಸಾಯ್ತಾನೆ. ಹೆಚ್ಚಾದರೆ ಕಾಗದ ಸುಟ್ಟಂತಾಗುತ್ತೆ. ಕಟ್ಟಿನ ಮೇಲಿನ ಪತ್ರಕ್ಕೆ ಬಿದ್ದಷ್ಟೇ ಮಧ್ಯದ ಪತ್ರಕ್ಕೂ ಬಿತ್ತಾ? ಇದನ್ನು ಹೇಳಲು ಕರೆದದ್ದು ಮೆಕ್‌ಲಾಫ್ಲಿನ್ ದುಡಿದ ಅದೇ ಮಾನಕ ಸಂಸ್ಥೆಯವರನ್ನು. ಅವರು ಪತ್ರದ ಕಟ್ಟುಗಳ ನಡುವೆ ಅಳತೆಯ ಸಾಕ್ಷಿಗಳನ್ನಿಟ್ಟು ಲೆಕ್ಕ ತೆಗೆದರು. ಆ ದಿನಗಳ ಪತ್ರಗಳು ಹಳದಿಗಟ್ಟಿ, ಹಪ್ಪಳದಂತೆ ಮುರಿಯುತ್ತಾ ಕಚೇರಿ ತಲುಪಿದವು. ಆದರೂ ತಲುಪಿದವು.

ನಮ್ಮ ದೇಶಕ್ಕೆ ಈ ವಿದ್ಯೆ ದೊಡ್ಡ ಮಟ್ಟದಲ್ಲಿ ಬಂದದ್ದು 1974ರಲ್ಲಿ, ಟ್ರಾಂಬೆಯ ಐಸೋಮೆಡ್ ಘಟಕದ ಮೂಲಕ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸಿದ್ದು. ಮಾವಿಗೆ ಬಾಗಿಲು ತೆರೆದದ್ದು ಬಹಳ ತಡವಾಗಿ. ಹದಿನೇಳು-ಹದಿನೆಂಟು ವರ್ಷ ಮುಚ್ಚಿದ್ದ ಅಮೆರಿಕದ ಮಾರುಕಟ್ಟೆಗೆ 2007ರಲ್ಲಿ ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಕಿರಣ ಕೊಟ್ಟ ಹಣ್ಣು ಹೋಯಿತು. ಈಗ ನಮ್ಮ ಮಾಲೂರಿನಲ್ಲೂ ಇಂಥ ಘಟಕವಿದೆ, ಅಮ್ಮನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ.

ಒಂದು ಮಾತು ಸೇರಿಸಲೇಬೇಕು, ಯಾಕಂದರೆ ನಾನೂ ಮೊದಲು ಇದರಲ್ಲೇ ಎಡವಿದೆ. ವಿಕಿರಣ ಕೊಟ್ಟ ಪೆಟ್ಟಿಗೆಗಳ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತೆ, ಹಳದಿಯಿಂದ ಕೆಂಪಾಗುತ್ತೆ. ಅದನ್ನೇ ಅಳತೆ ಅಂದುಕೊಳ್ಳಬೇಡಿ. ಪೆಟ್ಟಿಗೆ ಒಳಗೆ ಹೋಗಿಬಂತು ಅಂತ ಮಾತ್ರ ಅದು ಹೇಳುತ್ತೆ, ಗೋದಾಮಿನಲ್ಲಿ ಹೋದದ್ದು ಹೋಗದ್ದು ಬೆರೆತುಹೋಗದಿರಲಿ ಅಂತ. ಎಷ್ಟು ಬಿತ್ತು ಅಂತ ಹೇಳಲ್ಲ. ಅಂಗಿಗೆ ಬಣ್ಣ ಹತ್ತಿದವನನ್ನು ನೋಡಿ ಹೋಳಿ ಆಡಿದ್ದಾನೆ ಅನ್ನಬಹುದು, ಎಷ್ಟು ಬಿಂದಿಗೆ ಸುರಿದರು ಅನ್ನೋಕಾಗುತ್ತಾ? ನಿಜವಾದ ಅಳತೆಯ ಸಾಕ್ಷಿಯನ್ನು ಪೆಟ್ಟಿಗೆಯಲ್ಲಿ ಅತಿ ಕಡಿಮೆ ಬೀಳುವ ಜಾಗ, ಅತಿ ಹೆಚ್ಚು ಬೀಳುವ ಜಾಗ ಎರಡನ್ನೂ ಮೊದಲೇ ಗುರುತಿಸಿ ಇಡಬೇಕು. ಹೊರತೆಗೆದು, ಯಂತ್ರದಲ್ಲಿ ಓದಿ, ಸಂಖ್ಯೆ ಬರೆದು, ಸಹಿ ಹಾಕಬೇಕು. ಕಡಿಮೆ ಬಿದ್ದ ಜಾಗ 400 ಗ್ರೇ ದಾಟಿರಬೇಕು, ಹೆಚ್ಚು ಬಿದ್ದ ಜಾಗ 1,000 ಗ್ರೇ ಮೀರಿರಬಾರದು. ಆ ಸಂಖ್ಯೆಯೇ ಹಣ್ಣಿನ ಪಾಸ್‌ಪೋರ್ಟ್.

2025ರ ಮೇ ತಿಂಗಳಲ್ಲಿ ತಕರಾರು ಬಂದದ್ದು ಈ ಪಾಸ್‌ಪೋರ್ಟಿನ ಬಗ್ಗೆ. ರಫ್ತುದಾರರ ನಷ್ಟ ಸುಮಾರು ಐದು ಲಕ್ಷ ಡಾಲರ್ ಅಂತ ಪತ್ರಿಕೆಗಳು ಬರೆದವು. ತೋಟದವನು ಮದ್ದು ಹೊಡೆದು, ಕಾಯಿ ಕಿತ್ತು, ವಿಂಗಡಿಸಿ, ಬಿಸಿನೀರಿನಲ್ಲಿ ಅದ್ದಿ ತೊಳೆದು ಕಳಿಸಿದ ಹಣ್ಣು ಕಸಕ್ಕೆ ಹೋಯಿತು. ಅಮೆರಿಕದವರು ಅತಿ ಮಾಡಿದರು ಅಂತ ನಮ್ಮ ಚರ್ಚೆಯಲ್ಲಿ ಅತಿಥಿಯೊಬ್ಬರು ಮೇಜು ಕುಟ್ಟಿದರು. ಒಂದು ಕಾಗದಕ್ಕೆ ಇಷ್ಟೊಂದಾ ಅಂತ ನಾನೂ ತಲೆದೂಗಿದೆ. ಈಗ ಹಾಗೆ ತಲೆದೂಗಲಾರೆ. ಹಣ್ಣು ಎಸೆಯುವ ಮುಂಚೆ ಮಾತಾಡಿ ಬಗೆಹರಿಸಬಹುದಿತ್ತೇನೋ, ಅದು ಬೇರೆ. ಆದರೆ ದಾಖಲೆ ಇಲ್ಲದ ಸಿರಿಂಜನ್ನು ನಮ್ಮ ಆಸ್ಪತ್ರೆಗೆ ಯಾರಾದರೂ ಕಳಿಸಿದ್ದರೆ, ‘ಪರವಾಗಿಲ್ಲ ಬಿಡಿ, ಕೊಟ್ಟಿರ್ತಾರೆ’ ಅಂತ ನಾವು ಮಕ್ಕಳಿಗೆ ಚುಚ್ಚಿಸುತ್ತಿದ್ದೆವಾ?

ಮರುದಿನ ಇದನ್ನೆಲ್ಲ ಬುಲೆಟಿನ್‌ನಲ್ಲಿ ಹೇಳಬೇಕು, ಹಿಂದಿನ ದಿನದ ವಾಕ್ಯವನ್ನೂ ತಿದ್ದಬೇಕು ಅಂತ ಒಂದೂವರೆ ನಿಮಿಷ ಕೇಳಿದೆ. ಹನ್ನೆರಡು ಸೆಕೆಂಡು ಸಿಕ್ಕಿತು. ‘ತಿರಸ್ಕಾರಕ್ಕೆ ಕಾರಣ ದಾಖಲೆಯ ಲೋಪ, ಹಣ್ಣಿನಲ್ಲಿ ವಿಕಿರಣವಿಲ್ಲ’ ಅಂತ ಓದಿ ಮುಂದಿನ ಸುದ್ದಿಗೆ ಹೋದೆ. ರಾತ್ರಿ ಅಮ್ಮ ಮತ್ತೆ ಫೋನ್ ಮಾಡಿದಳು. ನೋಡಿದ್ದಳಂತೆ. ಊರಿಂದ ಬರುವವರ ಕೈಲಿ ಒಂದು ಡಬ್ಬಿ ಹಣ್ಣು ಕಳಿಸ್ತೀನಿ, ಬಸ್‌ಸ್ಟ್ಯಾಂಡಿಗೆ ಹೋಗಿ ತಗೋ ಅಂದಳು. ‘ಇದಕ್ಕೆ ಯಾವ ಕಾಗದವೂ ಇಲ್ಲ ಕಣೋ, ಹುಳ ಇದ್ರೆ ನೋಡ್ಕೊಂಡು ತಿನ್ನು.’